ಮೆಟರ್ನಿಟಿ ಬಟ್ಟೆಗೆ ನಮ್ಮ ಮಾತಿನಲ್ಲಿ ಏನನ್ನೋಣ? ಜೊತೆಗೆ ಕುಲಾವಿ, ಕುಂಚಿಗೆ

ಎಲ್ಲರಿಗೂ ನಮಸ್ಕಾರ.

ನನ್ನ ತಂಗಿ ಚಿಕ್ಕಮಗಳೂರಿನಲ್ಲಿ ಐ.ಜಿ. ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಪುಟ್ಟ ಬಟ್ಟೆ ಅಂಗಡಿ ತೆರೆಯುತ್ತಿದ್ದಾಳೆ. ಎಳೆಮಕ್ಕಳ ಬಟ್ಟೆ, ಬಸುರಿಯರು ಬಾಣಂತಿಯರು ಹಾಕಿಕೊಳ್ಳುವ ಬಟ್ಟೆ, ಎಲ್ಲ ಈಗಿನ ಫ್ಯಾಷನ್ನಿನವು. ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನೇ ಬಂದಿದೆ. 'ಮೆಟರ್ನಿಟಿ ವೇರ್' ಎಂದು ಕನ್ನಡ ಅಕ್ಷರದಲ್ಲಿ ಬರೆಸಿ ಮುಗಿಸಬಹುದು. ಅವಳಿಗೆ ಅದು ಇಷ್ಟವಿಲ್ಲ. "ಅಕ್ಕಾ, ಹಳ್ಳಿಯಿಂದ ಬರೋ ಅತ್ತೆಗೂ ಸೊಸೆಗೂ ಓದಿದ ತಕ್ಷಣ ಗೊತ್ತಾಗಬೇಕು, ಅಂಥ ಪದ ಹುಡುಕಿಕೊಡು" ಅಂತ ವಾರದಿಂದ ಕೇಳುತ್ತಿದ್ದಾಳೆ.

ಫೋನಿನಲ್ಲಿ ಅನುವಾದ ಕೇಳಿದರೆ 'ಹೆರಿಗೆ ಉಡುಪು' ಅಂತ ಬರುತ್ತದೆ. 'ಹೆರಿಗೆ ರಜೆ' ಅನ್ನುವಾಗ ಈ ಪದ ಸರಿಯಾಗಿ ಕೂರುತ್ತದೆ. ಹೆರಿಗೆಗೆ ಮುಂಚೆ ಇಷ್ಟು, ಆಮೇಲೆ ಇಷ್ಟು ಅಂತ ಆ ರಜೆಯ ಲೆಕ್ಕ ನಡೆಯುವುದೇ ಹೆರಿಗೆಯ ದಿನದ ಮೇಲೆ. ಬಟ್ಟೆಯ ವಿಷಯ ಹಾಗಲ್ಲ. ಹೆರಿಗೆ ಉಡುಪು ಅಂದರೆ ನನ್ನ ಕಣ್ಣಿಗೆ ಬರುವುದು ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಗೆ ಹೋಗುವಾಗ ತೊಡಿಸುವ ಗೌನು. 'ಮಾತೃತ್ವ ಉಡುಪು' ಅರ್ಥದಲ್ಲಿ ತಪ್ಪಿಲ್ಲ, ಆದರೆ ಅಂಗಡಿಗೆ ಬಂದು ಆ ಮಾತು ಆಡುವವರು ಯಾರೂ ಇಲ್ಲ.

ತೊಡಕು ಇರುವುದು ಇಲ್ಲಿ. ಇಂಗ್ಲಿಷಿನವರು ಎರಡು ಕಾಲವನ್ನೂ ಸೇರಿಸಿ ಒಂದೇ ಪದ ಇಟ್ಟಿದ್ದಾರೆ. ನಮ್ಮಲ್ಲಿ ಬಸುರಿ ಬೇರೆ, ಬಾಣಂತಿ ಬೇರೆ. ಊಟ ಬೇರೆ, ಆರೈಕೆ ಬೇರೆ, ಬಟ್ಟೆಯೂ ಬೇರೆ. ಬಸುರಿಗೆ ಹೊಟ್ಟೆಯ ಹತ್ತಿರ ಸಡಿಲ ಬೇಕು. ಬಾಣಂತಿಗೆ ಎದೆಯ ಹತ್ತಿರ ಸುಲಭವಾಗಿ ಬಿಚ್ಚುವಂತಿರಬೇಕು. ಈಗಿನ ಕುರ್ತಾಗಳಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಎದೆಯ ಕೆಳಗಿನಿಂದ ನೆರಿಗೆ, ನೆರಿಗೆಯ ಮೇಲೆ ಕಾಣದ ಹಾಗೆ ಜಿಪ್. ಹಾಗಾಗಿ ಎರಡಕ್ಕೂ ಸಲ್ಲುವ ಒಂದು ಪದ ಈಗ ಬೇಕಾಗಿದೆ.

ಹಿಂದೆ ಇಂಥ ಪದವೇ ಬೇಕಿರಲಿಲ್ಲ ಅಲ್ವಾ? ಸೀರೆ ಹೊಟ್ಟೆ ಬೆಳೆದ ಹಾಗೆ ತಾನೇ ಹೊಂದಿಕೊಳ್ಳುತ್ತಿತ್ತು. ರವಿಕೆ ಹೊಲಿಯಲು ಕೊಡುವಾಗ ಅಮ್ಮ "ಒಳಗೆ ಬಟ್ಟೆ ಬಿಡಿ" ಅನ್ನುತ್ತಿದ್ದರು. ತಿಂಗಳು ಏರಿದ ಹಾಗೆ ಒಂದೊಂದು ಸಾಲು ಹೊಲಿಗೆ ಬಿಚ್ಚಿದರಾಯಿತು. ಈ 'ಒಳಗೆ ಬಟ್ಟೆ ಬಿಡುವುದು' ಎಷ್ಟು ಒಳ್ಳೆಯ ಮಾತು!

'ಬಸುರಿ ಅಂಗಿ' ಅನ್ನೋಣ ಅಂದೆ. ತಂಗಿ ಒಪ್ಪಲಿಲ್ಲ. ಈಗಿನ ಹುಡುಗಿಯರಿಗೆ ಬಸುರಿ ಅನ್ನುವುದು ಒರಟಾಗಿ ಕೇಳುತ್ತದಂತೆ, ಗರ್ಭಿಣಿ ಅಂದರೆ ಮರ್ಯಾದೆಯಂತೆ. ನನಗೆ ಇದು ಬೇಜಾರು. ಹಳಗನ್ನಡದಲ್ಲಿ ಬಸಿರು ಅಂದರೆ ಹೊಟ್ಟೆ, ಅಷ್ಟೇ. ಅದರಲ್ಲಿ ಒರಟು ಏನಿದೆ?

ಯೋಚಿಸುತ್ತಾ ಹೋದಾಗ 'ಮಡಿಲು' ಹೊಳೆಯಿತು. ಸೀಮಂತದಲ್ಲಿ ಬಸುರಿಗೆ ಮಡಿಲು ತುಂಬುತ್ತೇವೆ. ಹೆತ್ತ ಮೇಲೆ ಕೂಸು ಮಲಗುವುದೂ ಮಡಿಲಲ್ಲೇ. ಮುಂಚೆ, ಆಮೇಲೆ ಎರಡಕ್ಕೂ ಸಲ್ಲುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ತಾಯಂದಿರಿಗೆ ಕೊಡುತ್ತಿದ್ದ 'ಮಡಿಲು' ಕಿಟ್‌ನಿಂದಾಗಿ ಹಳ್ಳಿಗಳಲ್ಲೂ ಈ ಹೆಸರು ಕೇಳಿದ್ದಾರೆ. 'ಮಡಿಲಂಗಿ' ಅಂದರೆ ಹೇಗೆ? ಅಥವಾ 'ಮಡಿಲುಡುಗೆ'? ನನಗೆ ಮೊದಲನೆಯದೇ ಇಷ್ಟ. ಬಾಯಿಗೆ ಸುಲಭ.

ಇನ್ನು ಮಕ್ಕಳ ಬಟ್ಟೆ. ಜಬ್ಲಾ, ಲಂಗೋಟಿ ಎಲ್ಲರಿಗೂ ಗೊತ್ತು. ಬಿಬ್ಬಿಗೆ 'ಜೊಲ್ಲುಬಟ್ಟೆ' ಅಂದೆ, ತಂಗಿ ಒಂದೇ ಸಲಕ್ಕೆ ಚೀಟಿ ಬರೆದು ಅಂಟಿಸಿದಳು. ಅಂಗಿ ಚಡ್ಡಿ ಒಂದೇ ಆಗಿರುವ ರೋಂಪರ್ ಹಾಗೇ ಇರಲಿ, ಅದು ಹೊಸ ವಸ್ತು.

ನನಗೆ ಆಸೆ ಇರುವುದು ಕುಲಾವಿ, ಕುಂಚಿಗೆ ಮೇಲೆ. ನಮ್ಮಮ್ಮನ ಪ್ರಕಾರ ಕುಲಾವಿ ಅಂದರೆ ಕಿವಿ ಮುಚ್ಚಿ ಗಲ್ಲದ ಕೆಳಗೆ ದಾರ ಕಟ್ಟುವ ಟೋಪಿ. ಕುಂಚಿಗೆ ಅಂದರೆ ತಲೆಯಿಂದ ಬೆನ್ನಿನವರೆಗೂ ಇಳಿಬಿಡುವಂಥದ್ದು. ಮಳೆಗೆ ಗದ್ದೆ ಕೆಲಸದವರು ಹಾಕುತ್ತಿದ್ದ ಕಂಬಳಿ ಕೊಪ್ಪೆಯ ಪುಟ್ಟ ರೂಪ ಅಂದುಕೊಳ್ಳಿ. ಕುಲಾವಿಯ ಮೂಲ ಪರ್ಷಿಯನ್ ಭಾಷೆಯ 'ಕುಲಾಹ್', ಅಂದರೆ ಟೋಪಿ. ಹೊರಗಿನಿಂದ ಬಂದ ಪದ ನಮ್ಮ ತೊಟ್ಟಿಲಿಗೆ ಎಷ್ಟು ಚೆನ್ನಾಗಿ ಒಗ್ಗಿದೆ ನೋಡಿ. ಈಗ ಅಂಗಡಿಗಳಲ್ಲಿ ಎಲ್ಲವೂ 'ಬೇಬಿ ಕ್ಯಾಪ್'. ಆಷಾಢದ ಮಳೆಯಲ್ಲಿ, ಸ್ನಾನ ಮಾಡಿಸಿ ಸಾಂಬ್ರಾಣಿ ಹೊಗೆ ಹಿಡಿದ ಮಗುವಿಗೆ ಬೇಕಾಗುವುದು ಕುಲಾವಿಯೇ. ಕ್ಯಾಪ್ ಅಂದರೆ ಆ ಬೆಚ್ಚಗೆ ಬರುವುದಿಲ್ಲ.

ಆದರೆ ಅಮ್ಮ ಒಂದು ಮಾತು ಎತ್ತಿದರು. 'ಕೂಸು ಹುಟ್ಟುವ ಮುಂಚೆ ಕುಲಾವಿ' ಅನ್ನುವ ಗಾದೆ ಇದೆಯಲ್ಲ, ಚೀಟಿಯಲ್ಲಿ ಕುಲಾವಿ ಅಂತ ಓದಿದ ಬಸುರಿಗೆ ಅದೇ ನೆನಪಾದರೆ? ಮುಂಚೆಯೇ ಬಟ್ಟೆ ಕೊಳ್ಳಬಾರದು, ಮೊದಲು ಹಳೆ ಪಂಚೆಯ ಮೆತ್ತನೆ ಬಟ್ಟೆಯಲ್ಲೇ ಸುತ್ತಬೇಕು ಅನ್ನುವ ಮನೆಗಳು ನಮ್ಮ ಕಡೆ ಈಗಲೂ ಜಾಸ್ತಿ. ಗಾದೆ ಹೇಳುವುದು ಆತುರದ ಬಗ್ಗೆ, ಕುಲಾವಿ ಬಗ್ಗೆ ಅಲ್ಲ ಅನ್ನುವುದು ನನ್ನ ವಾದ. ಪದವನ್ನು ಇಷ್ಟು ದಿನ ಉಳಿಸಿದ್ದೇ ಆ ಗಾದೆ ಇರಬಹುದು. ಅಮ್ಮ ಮಾತ್ರ ಇನ್ನೂ ಒಪ್ಪಿಲ್ಲ.

ಕಡೂರು, ತರೀಕೆರೆ ಕಡೆಯವರು ಕುಂಚಿಗೆಗೆ ಏನನ್ನುತ್ತೀರಿ? ಕೊಪ್ಪ, ಶೃಂಗೇರಿ ಕಡೆ ಬೇರೆ ಹೆಸರಿದೆಯಾ? 'ಮಡಿಲಂಗಿ' ಅಂತ ಬೋರ್ಡಿನಲ್ಲಿ ಕಂಡರೆ ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಅರ್ಥವಾಗುತ್ತದಾ? ದಯವಿಟ್ಟು ಅವರನ್ನೇ ಕೇಳಿ ತಿಳಿಸಿ. ಬೋರ್ಡು ಬರೆಯುವವರು ಬರುವ ಸೋಮವಾರ ಬರುತ್ತಾರೆ.