ಚುಚ್ಚದೆ ಶುಗರ್ ನೋಡುವ ವಾಚು

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹದಿನೇಳು ಜನ ಇದ್ದೇವೆ. ಮಾತಾಡುವವರು ಐದಾರು ಜನ, ಉಳಿದವರು ಓದಿ ಸುಮ್ಮನಾಗುತ್ತಾರೆ. ಕಳೆದ ಭಾನುವಾರದ ಜಗಳವನ್ನು ದೊಡ್ಡಪ್ಪನ ಒಪ್ಪಿಗೆ ಪಡೆದೇ ಇಲ್ಲಿ ಹಾಕುತ್ತಿದ್ದೇನೆ. ಗುಡ್ ಮಾರ್ನಿಂಗ್ ಹೂವುಗಳನ್ನೂ ಕೈಮುಗಿಯುವ ಸ್ಟಿಕ್ಕರ್‌ಗಳನ್ನೂ ತೆಗೆದಿದ್ದೇನೆ. ನನ್ನದು ಮೆಡಿಕಲ್ ಸೆನ್ಸರ್‌ಗಳನ್ನು ಪರೀಕ್ಷೆ ಮಾಡುವ ಕೆಲಸ. ಹಾಗಾಗಿ ಇಂಥ ಫಾರ್ವರ್ಡ್ ಬಂದಾಗಲೆಲ್ಲ ಬೈಗುಳ ನನ್ನ ಪಾಲಿಗೇ.

[7:12] ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಸಕ್ಕರೆ ಕಾಯಿಲೆಯವರಿಗೆ ಸಿಹಿ ಸುದ್ದಿ!! ಇನ್ನು ಬೆರಳು ಚುಚ್ಚಬೇಕಿಲ್ಲ. ರಕ್ತ ಬೇಡ, ಸೂಜಿ ಬೇಡ. ವಾಚು ಕಟ್ಟಿದರೆ ಸಾಕು, ಲೇಸರ್ ಬೆಳಕು ಚರ್ಮದ ಮೂಲಕವೇ ಶುಗರ್, ಬಿಪಿ, ಆಕ್ಸಿಜನ್ ಎಲ್ಲ ಹೇಳುತ್ತದೆ. ಡಾಕ್ಟರುಗಳು ಇದನ್ನು ನಿಮಗೆ ಹೇಳುವುದಿಲ್ಲ. ಹತ್ತು ಜನಕ್ಕೆ ಕಳಿಸಿ.

[7:13] ದೊಡ್ಡಪ್ಪ: ಇಂಥದ್ದೇ ವಾಚು ಚೇತು ನನಗೆ ಕೊಡಿಸಿದ್ದಾನೆ. ಒಂಬತ್ತು ದಿನ ಆಯಿತು. ಬಹಳ ಚೆನ್ನಾಗಿದೆ.

[7:15] ಅತ್ತೆ: ಹತ್ತು ಜನಕ್ಕೆ ಕಳಿಸಿ ಅಂತ ಬಂದಿದ್ದನ್ನೆಲ್ಲ ನಂಬಬೇಡ ಅಣ್ಣ.

[7:16] ದೊಡ್ಡಪ್ಪ: ನಂಬುವ ಮಾತೇನು ಬಂತು, ಕೈಯಲ್ಲೇ ಇದೆ. ಈಗ 106 ತೋರಿಸುತ್ತಿದೆ.

[7:31] ನಾನು: ದೊಡ್ಡಪ್ಪ, ಟೈಮ್ ನೋಡುವುದಕ್ಕೆ, ಹೆಜ್ಜೆ ಎಣಿಸುವುದಕ್ಕೆ ಧಾರಾಳವಾಗಿ ಇಟ್ಟುಕೊಳ್ಳಿ. ಶುಗರ್‌ಗೆ ಮಾತ್ರ ಬೇಡ. ಚರ್ಮ ಚುಚ್ಚದೆ ತಾನೇ ಶುಗರ್ ಅಳೆಯುವ ಯಾವ ವಾಚಿಗೂ, ಯಾವ ಉಂಗುರಕ್ಕೂ ತಾವು ಅನುಮತಿ ಕೊಟ್ಟಿಲ್ಲ, ಬಳಸಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಕೆ ಕೊಟ್ಟಿದೆ.

[7:34] ಚೇತು: ಅಕ್ಕ, ಸ್ವಲ್ಪ ತಡಿ. ರಿವ್ಯೂ ಎಲ್ಲ ಓದಿಯೇ ಕೊಡಿಸಿದ್ದು. ಅಪ್ಪನ ಬೆರಳು ನೋಡಿದ್ದೀಯಾ? ದಿನಕ್ಕೆ ನಾಲ್ಕು ಸಲ ಚುಚ್ಚಿ ಚುಚ್ಚಿ ತುದಿಯೆಲ್ಲ ಗಟ್ಟಿಯಾಗಿದೆ. ಬೆರಳಿಟ್ಟರೆ ಫೋನ್ ಲಾಕ್ ಕೂಡ ತೆರೆಯುವುದಿಲ್ಲ.

[7:35] ದೊಡ್ಡಪ್ಪ: ಅದು ನಿಜ.

[7:36] ಚೇತು: ಎಫ್‌ಡಿಎಯವರು ಯಾವುದಕ್ಕೂ ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. ಚಿಕ್ಕಪ್ಪನ ವಾಚಿಗೆ ಏನು ಹೇಳುತ್ತೀಯ?

[7:40] ಚಿಕ್ಕಪ್ಪ: ನನ್ನನ್ನು ಯಾಕೆ ಎಳೆಯುತ್ತೀರಿ? ಹೌದು, ಎದೆಬಡಿತ ಏರುಪೇರಾಗಿದೆ ಅಂತ ನನ್ನ ವಾಚು ಮೂರು ಸಲ ಹೇಳಿತು. ನನಗೆ ಏನೂ ಅನ್ನಿಸಿರಲಿಲ್ಲ. ಆಮೇಲೆ ಆಸ್ಪತ್ರೆಯ ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಅಂತ ಬಂತು. ಈಗ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ನುಂಗುತ್ತಿದ್ದೇನೆ. ವಾಚು ಇಲ್ಲದಿದ್ದರೆ ಸ್ಟ್ರೋಕ್ ಆದಮೇಲೆ ಗೊತ್ತಾಗುತ್ತಿತ್ತೇನೋ.

[7:41] ದೊಡ್ಡಪ್ಪ: ತಮ್ಮನ ವಾಚು ಹೇಳಿದರೆ ನಿಜ, ನನ್ನ ವಾಚು ಹೇಳಿದರೆ ಸುಳ್ಳಾ? ಎರಡರ ಬೆನ್ನಿನಲ್ಲೂ ಅದೇ ಹಸಿರು ದೀಪ ತಾನೇ ಮಿನುಗುವುದು?

[7:42] ನಾನು: ಕೇಳಬೇಕಾದ್ದನ್ನೇ ಕೇಳಿದಿರಿ. ಟೈಪ್ ಮಾಡುತ್ತೇನೆ, ಇರಿ.

[7:54] ನಾನು: ದೀಪ ಒಂದೇ, ಹುಡುಕುವ ವಸ್ತು ಬೇರೆ. ಹೃದಯ ಒಂದು ಸಲ ಬಡಿದರೆ ಮಣಿಕಟ್ಟಿನ ಸಣ್ಣ ನಾಳಗಳಲ್ಲಿ ರಕ್ತ ಉಬ್ಬಿ ಇಳಿಯುತ್ತದೆ. ರಕ್ತಕ್ಕೆ ಬಣ್ಣ ಇದೆ. ಲೀಟರಿಗೆ ಸುಮಾರು 140 ಗ್ರಾಂ ಹಿಮೋಗ್ಲೋಬಿನ್ ಇರುತ್ತದೆ, ಅದು ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹಾಗಾಗಿ ಬಡಿತಕ್ಕೊಮ್ಮೆ ವಾಚಿಗೆ ಬೆಳಕು ಕಡಿಮೆ ವಾಪಸ್ಸು ಬರುತ್ತದೆ. ಬಡಿತದ ನಡುವಿನ ಅಂತರ ಅಳೆದರೆ ತಾಳ ತಪ್ಪಿದ್ದು ಗೊತ್ತಾಗುತ್ತದೆ. ಇನ್ನು ಸಕ್ಕರೆ. ಶುಗರ್ 100 ಅಂದರೆ ಲೀಟರ್ ರಕ್ತದಲ್ಲಿ ಬರೀ 1 ಗ್ರಾಂ. ಮೈಯಲ್ಲಿರುವ ಐದು ಲೀಟರಿಗೂ ಸೇರಿ ಒಂದು ಟೀ ಚಮಚದಷ್ಟು. ಅದಕ್ಕೆ ಬಣ್ಣವೇ ಇಲ್ಲ. ಇನ್‌ಫ್ರಾರೆಡ್ ಬೆಳಕಿನಲ್ಲಿ ಅದರ ಗುರುತು ಸ್ವಲ್ಪ ಸಿಗುತ್ತದೆ. ಆದರೆ ನೀರು, ಕೊಬ್ಬು, ಪ್ರೋಟೀನು ಎಲ್ಲ ಅಲ್ಲೇ ಕೂಗಾಡುತ್ತಿರುತ್ತವೆ. ಬೆವರಿದರೆ, ಚಳಿಯಾದರೆ, ವಾಚು ಒಂದಿಷ್ಟು ಜರುಗಿದರೆ ಆಗುವ ವ್ಯತ್ಯಾಸವೇ ಸಕ್ಕರೆಯ ವ್ಯತ್ಯಾಸಕ್ಕಿಂತ ಜಾಸ್ತಿ. ಎಷ್ಟೋ ವರ್ಷಗಳಿಂದ ಬುದ್ಧಿವಂತರು ಇದರ ಹಿಂದೆ ಬಿದ್ದಿದ್ದಾರೆ. ಇನ್ನೂ ಕೈಗೆ ಸಿಕ್ಕಿಲ್ಲ.

[7:55] ಅತ್ತೆ: ಸಂತೆಯಲ್ಲಿ ಸೊಳ್ಳೆಯ ಹಾಡು ಕೇಳಿಸಿಕೊಂಡ ಹಾಗೆ.

[7:56] ನಾನು: ಅತ್ತೆ 👌 ಇದನ್ನು ನಾಳೆ ಆಫೀಸಿನಲ್ಲಿ ಹೇಳುತ್ತೇನೆ.

[7:58] ಚೇತು: ಹಾಗಾದರೆ ವಾಚಿನಲ್ಲಿ ಶುಗರ್ ನೋಡುತ್ತಿರುವ ಜನರ ವಿಡಿಯೋ ಅಷ್ಟೊಂದು ಇವೆಯಲ್ಲ, ಎಲ್ಲ ಸುಳ್ಳಾ?

[8:02] ನಾನು: ಅವರಲ್ಲಿ ಕೆಲವರ ತೋಳಿನಲ್ಲಿ ಪ್ಯಾಚ್ ಇರುತ್ತದೆ, ಅಂಗಿ ಮುಚ್ಚಿಕೊಂಡಿರುತ್ತದೆ. ಅಳೆಯುವುದು ಪ್ಯಾಚು, ವಾಚು ಬರೀ ತೋರಿಸುತ್ತದೆ. ಅದು ಸರಿ, ಅದಕ್ಕೆ ಅನುಮತಿಯೂ ಇದೆ. ಪ್ಯಾಚಿನ ಅಡಿಯಲ್ಲಿ ಕೂದಲಿನಂಥ ಎಳೆ ಚರ್ಮದೊಳಕ್ಕೆ ಅರ್ಧ ಸೆಂಟಿಮೀಟರಿನಷ್ಟು ಹೋಗಿರುತ್ತದೆ. ಅದರ ತುದಿಯಲ್ಲಿ ಎಂಜೈಮ್ ಸವರಿರುತ್ತಾರೆ. ಸಕ್ಕರೆ ತಾಗಿದರೆ ಸಣ್ಣ ಕರೆಂಟು ಹುಟ್ಟುತ್ತದೆ. 1962ರಲ್ಲಿ ಲೀಲೆಂಡ್ ಕ್ಲಾರ್ಕ್ ಹೇಳಿದ ಉಪಾಯ ಇದು. ಬೆಳಕಿನಲ್ಲಿ ಹುಡುಕುವ ಬದಲು ಸಕ್ಕರೆಯನ್ನೇ ಹಿಡಿದು ಕೇಳುವುದು. ಚೇತು, ಅಪ್ಪನ ಬೆರಳು ನೋಡಿ ಸಂಕಟವಾದರೆ ಡಾಕ್ಟರನ್ನು ಕೇಳಿ ಅದನ್ನು ಹಾಕಿಸು.

[8:05] ಅಪ್ಪ: ಅದರ ಕತೆ ನಾನು ಹೇಳುತ್ತೇನೆ. ನನ್ನ ತೋಳಿನಲ್ಲಿ ಇದೆಯಲ್ಲ. ಹೋದ ತಿಂಗಳು ರಾತ್ರಿ 2:40ಕ್ಕೆ ಫೋನು ಹುಯಿಲಿಟ್ಟಿತು. ಶುಗರ್ 54. ಇವಳಮ್ಮ ದೀಪ ಹಾಕಿ, ಗ್ಲೂಕೋಸ್ ಹಿಡಿದು ಓಡಿಬಂದಳು. ನನಗೆ ಬೆವರೂ ಇಲ್ಲ, ನಡುಕವೂ ಇಲ್ಲ. ಬೆರಳು ಚುಚ್ಚಿ ನೋಡಿದರೆ 118.

[8:06] ದೊಡ್ಡಪ್ಪ: ನೋಡಿದಿರಾ! ಚುಚ್ಚುವ ಪ್ಯಾಚೂ ಸುಳ್ಳು ಹೇಳುತ್ತದೆ.

[8:09] ನಾನು: ಅಪ್ಪ ಎಡಮಗ್ಗುಲಿಗೆ ಮಲಗಿದ್ದರು, ಪ್ಯಾಚ್ ಎಡತೋಳಿನಲ್ಲಿತ್ತು. ತೋಳಿನ ಮೇಲೆ ಹೊದಿಕೆಯ ಮಡಿಕೆ ಕೆಂಪಗೆ ಮೂಡಿತ್ತು, ಅದರ ಫೋಟೋ ಇನ್ನೂ ಇದೆ. ಪ್ಯಾಚ್ ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ನೀರನ್ನು. ಮೇಲೆ ಭಾರ ಬಿದ್ದರೆ ಅಲ್ಲಿಗೆ ಸಕ್ಕರೆ ಬರುವುದು ಕಡಿಮೆಯಾಗುತ್ತದೆ, ನಂಬರ್ ಬೀಳುತ್ತದೆ. ಇನ್ನೊಂದು, ರಕ್ತದಲ್ಲಿ ಆದದ್ದು ಅಲ್ಲಿಗೆ ಬರುವುದಕ್ಕೆ ಐದು ಹತ್ತು ನಿಮಿಷ ಬೇಕು. ತಪ್ಪುತ್ತದೆ ದೊಡ್ಡಪ್ಪ, ಇಲ್ಲ ಅನ್ನುವುದಿಲ್ಲ. ಯಾವಾಗ ತಪ್ಪುತ್ತದೆ, ಎಷ್ಟು ತಪ್ಪುತ್ತದೆ, ಯಾಕೆ ತಪ್ಪುತ್ತದೆ ಅಂತ ಗೊತ್ತಿದೆ. ನಿಮ್ಮ ವಾಚಿನದು ಅದೇ ಗೊತ್ತಿಲ್ಲ.

[8:14] ಸ್ಮಿತಾ ಅಕ್ಕ: ನೈಟ್ ಡ್ಯೂಟಿ ಮುಗಿಸಿ ಬಂದೆ, ಎಲ್ಲ ಓದಿದೆ. ಐಸಿಯುನಲ್ಲಿ ಇರುವವಳ ಒಂದು ಮಾತು. ರಕ್ತದ ಆಕ್ಸಿಜನ್ ನೋಡಲು ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ನಾವೆಲ್ಲ ಕಣ್ಣುಮುಚ್ಚಿ ನಂಬುವ ಯಂತ್ರ ಅಲ್ವಾ? ಜಪಾನಿನ ತಕುವೊ ಅಒಯಾಗಿ 1970ರ ದಶಕದಲ್ಲಿ ಕಂಡುಹಿಡಿದದ್ದು. ಕೆಂಪು ಬೆಳಕು, ಇನ್‌ಫ್ರಾರೆಡ್ ಬೆಳಕು, ಎರಡನ್ನೂ ಹೋಲಿಸುತ್ತದೆ. 2020ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. ಯಂತ್ರ 92ರಿಂದ 96 ಅಂತ ತೋರಿಸುವಾಗ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯರಲ್ಲಿ ನೂರಕ್ಕೆ ಸುಮಾರು 4 ಸಲ, ಕಪ್ಪು ಜನರಲ್ಲಿ ಸುಮಾರು 12 ಸಲ. ಅಷ್ಟು ವರ್ಷ ಬಳಸಿದ ಯಂತ್ರದ ಕತೆ ಇದು. ಅದಕ್ಕೇ ನಾನು ಮೊದಲು ಕೈ ತಣ್ಣಗಿದೆಯಾ, ಉಗುರಿಗೆ ಬಣ್ಣ ಇದೆಯಾ, ಮನುಷ್ಯನಿಗೆ ಏದುಸಿರಿದೆಯಾ ಅಂತ ನೋಡುತ್ತೇನೆ. ನಂಬರ್ ಆಮೇಲೆ.

[8:17] ಅತ್ತೆ: ನಾನು ಹೇಳುವುದೂ ಅದೇ. ಯಾವ ಯಂತ್ರವೂ ಬೇಡ. ಮೈಗೆ ಏನಾದರೂ ಆದಾಗ ಡಾಕ್ಟರ ಹತ್ತಿರ ಹೋದರೆ ಸಾಕು. ಸುಮ್ನೆ ಫುಲ್ ಬಾಡಿ ಚೆಕಪ್ ಅಂತ ಹೋಗಿ ಥೈರಾಯಿಡ್‌ನಲ್ಲಿ ಗಂಟು ಅಂದರು. ಮತ್ತೆ ಸ್ಕ್ಯಾನು, ಮತ್ತೆ ಸೂಜಿ. ಎರಡು ತಿಂಗಳು ನಿದ್ದೆ ಇಲ್ಲ. ಕೊನೆಗೆ ಏನೂ ಇಲ್ಲ ಅಂದರು.

[8:21] ಸ್ಮಿತಾ ಅಕ್ಕ: ಅದು ನಿಮ್ಮೊಬ್ಬರದಲ್ಲ ಅತ್ತೆ. ದಕ್ಷಿಣ ಕೊರಿಯಾದಲ್ಲಿ ಆರೋಗ್ಯವಾಗಿದ್ದವರಿಗೂ ಥೈರಾಯಿಡ್ ಸ್ಕ್ಯಾನ್ ಶುರು ಮಾಡಿದರು. 2011ರ ಹೊತ್ತಿಗೆ ಥೈರಾಯಿಡ್ ಕ್ಯಾನ್ಸರ್ ಪತ್ತೆಯಾಗುವುದು 1993ಕ್ಕಿಂತ 15 ಪಟ್ಟಾಯಿತು. ಅದರಿಂದ ಸಾಯುವವರ ಲೆಕ್ಕ ಮಾತ್ರ ಹಾಗೇ ಇತ್ತು. ತೊಂದರೆಯೇ ಕೊಡದ ಗಂಟುಗಳಿಗೂ ಎಷ್ಟೋ ಜನ ಆಪರೇಷನ್ ಮಾಡಿಸಿಕೊಂಡರು.

[8:22] ಚಿಕ್ಕಪ್ಪ: ಅಕ್ಕನ ಲೆಕ್ಕದಲ್ಲಿ ಹೋಗಿದ್ದರೆ ನಾನು ಈಗ ಹಾಸಿಗೆ ಹಿಡಿದಿರುತ್ತಿದ್ದೆ.

[8:23] ಅತ್ತೆ: ನಿನ್ನದು ಬೇರೆ ಕಣೋ.

[8:23] ಚಿಕ್ಕಪ್ಪ: ಎಲ್ಲರದ್ದೂ ಬೇರೆಯೇ.

[8:28] ನಾನು: ಚಿಕ್ಕಪ್ಪ, ನಿಮ್ಮ ವಾಚಿನ ಹಿಂದೆ ಕೆಲಸ ನಡೆದಿದೆ. ಅಮೆರಿಕದಲ್ಲಿ 4 ಲಕ್ಷ 19 ಸಾವಿರ ಜನರ ಮೇಲೆ ಆಪಲ್ ವಾಚಿನ ಅಧ್ಯಯನ ಆಯಿತು, 2019ರಲ್ಲಿ ಪ್ರಕಟವಾಯಿತು. ಎಚ್ಚರಿಕೆ ಹೋದದ್ದು ಇನ್ನೂರರಲ್ಲಿ ಒಬ್ಬರಿಗೆ. ಅವರಲ್ಲಿ ಇಸಿಜಿ ಪ್ಯಾಚ್ ಹಾಕಿಕೊಂಡು ವಾಪಸ್ಸು ಕಳಿಸಿದವರನ್ನು ನೋಡಿದಾಗ ನೂರಕ್ಕೆ 34 ಜನರಲ್ಲಿ ಕಾಯಿಲೆ ಸಿಕ್ಕಿತು. ಬಂದು ಹೋಗುವ ಕಾಯಿಲೆ, ಪ್ಯಾಚ್ ಹಾಕುವ ಹೊತ್ತಿಗೆ ಕೆಲವರಲ್ಲಿ ಅಡಗಿದ್ದಿರಬಹುದು. ಅಂದರೆ ವಾಚು ‘ಹೋಗಿ ಇಸಿಜಿ ಮಾಡಿಸು’ ಅನ್ನುತ್ತದೆ, ಅಷ್ಟೇ. ನೀವು ಹೋದಿರಿ. ಮಾತ್ರೆ ಕೊಟ್ಟದ್ದು ಇಸಿಜಿ ನೋಡಿದ ಡಾಕ್ಟರು.

[8:33] ದೊಡ್ಡಪ್ಪ: ನೀವೆಲ್ಲ ಓದಿದವರು. ನಾನೂ ಸ್ವಲ್ಪ ಓದಿದ್ದೇನೆ. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅನ್ನುವವನಿಗೆ ಮೊದಲ ಪೇಸ್‌ಮೇಕರ್ ಮೈಯೊಳಗೆ ಇಟ್ಟರು. ಕೆಲವೇ ಗಂಟೆಗೆ ಕೆಟ್ಟುಹೋಯಿತು. ಆಮೇಲೆ ಬದಲಾಯಿಸಿ ಬದಲಾಯಿಸಿ 26 ಪೇಸ್‌ಮೇಕರ್ ಆದವು. ಆತ 2001ರವರೆಗೆ ಬದುಕಿದ. ಮೊದಲನೆಯದು ಕೆಟ್ಟಾಗ ಇದೆಲ್ಲ ಬೇಡ ಅಂದಿದ್ದರೆ?

[8:34] ಚೇತು: ಅಪ್ಪ 🔥

[8:40] ನಾನು: ಈ ಕತೆ ನನಗೂ ಇಷ್ಟ ದೊಡ್ಡಪ್ಪ. ಆದರೆ ಆತನಿಗೆ ಬೇರೆ ದಾರಿ ಇರಲಿಲ್ಲ. ಎದೆಬಡಿತ ನಿಂತು ನಿಂತು ದಿನಕ್ಕೆ ಎಷ್ಟೋ ಸಲ ಪ್ರಜ್ಞೆ ತಪ್ಪುತ್ತಿತ್ತು. ಪೇಸ್‌ಮೇಕರ್ ಕೆಟ್ಟರೆ ಕೆಟ್ಟಿತು ಅಂತ ಆ ಕ್ಷಣವೇ ಗೊತ್ತಾಗುತ್ತಿತ್ತು. ನಿಮ್ಮ ವಾಚು ಕೆಟ್ಟರೂ ನಗುನಗುತ್ತಾ 106 ಅನ್ನುತ್ತದೆ. ನಿಮ್ಮ ಡ್ರಾಯರಿನಲ್ಲಿ ಸರಿಯಾದ ಮೀಟರ್ ಬೇರೆ ಇದೆ.

[8:42] ದೊಡ್ಡಪ್ಪ: ಕೆಟ್ಟಿದೆ ಅಂತ ನೀನು ಹೇಗೆ ಹೇಳುತ್ತೀಯ? ವಾಚು ಬಂದಮೇಲೆ ನನ್ನ ಶುಗರ್ ಎಷ್ಟು ಹತೋಟಿಗೆ ಬಂದಿದೆ ಗೊತ್ತಾ? ಒಂದು ದಿನವೂ 115 ದಾಟಿಲ್ಲ. ರಾತ್ರಿಯ ಇನ್ಸುಲಿನ್ ನಾನೇ ಅರ್ಧ ಮಾಡಿಕೊಂಡಿದ್ದೇನೆ.

[8:42] ಅತ್ತೆ: ಏನಂದೆ???

[8:43] ಸ್ಮಿತಾ ಅಕ್ಕ: ದೊಡ್ಡಪ್ಪ, ಯಾವತ್ತಿನಿಂದ?

[8:44] ದೊಡ್ಡಪ್ಪ: ಐದು ದಿನ ಆಯಿತು. ಆರಾಮಾಗಿದ್ದೇನೆ.

[8:46] ದೊಡ್ಡಮ್ಮ: ಆರಾಮಿಲ್ಲ. ರಾತ್ರಿ ನಾಲ್ಕು ಸಲ ಎದ್ದು ಬಚ್ಚಲಿಗೆ ಹೋಗುತ್ತಾರೆ. ಹಾಸಿಗೆ ಪಕ್ಕದ ನೀರಿನ ಚೊಂಬು ಬೆಳಗಾಗುವಷ್ಟರಲ್ಲಿ ಖಾಲಿ.

(ದೊಡ್ಡಮ್ಮ ಈ ಗುಂಪು ಸೇರಿದ ಮೇಲೆ ಟೈಪ್ ಮಾಡಿದ ಮೊದಲ ಮೆಸೇಜು ಇದು. ಒಂದು ನಿಮಿಷ ಯಾರೂ ಏನೂ ಬರೆಯಲಿಲ್ಲ.)

[8:47] ಸ್ಮಿತಾ ಅಕ್ಕ: ಈಗಲೇ ಕೈ ತೊಳೆದು, ಒರೆಸಿಕೊಂಡು, ಬೆರಳು ಚುಚ್ಚಿ ನೋಡಿ. ಫೋಟೋ ಹಾಕಿ.

[8:55] ದೊಡ್ಡಪ್ಪ: 📷 (ಮೀಟರಿನಲ್ಲಿ 287. ಫೋಟೋದ ಮೂಲೆಯಲ್ಲಿ ವಾಚು, ಅದರಲ್ಲಿ 108.)

[8:56] ಚೇತು: ಅಪ್ಪ, ನನ್ನ ತಪ್ಪು.

[8:57] ಸ್ಮಿತಾ ಅಕ್ಕ: ತಪ್ಪು ಯಾರದು ಅಂತ ಆಮೇಲೆ ನೋಡೋಣ. ದೊಡ್ಡಪ್ಪ, ಬಿಟ್ಟದ್ದನ್ನೆಲ್ಲ ಸೇರಿಸಿ ಈಗ ಒಟ್ಟಿಗೆ ಚುಚ್ಚಿಕೊಳ್ಳಬೇಡಿ, ಅದು ಇನ್ನೂ ಅಪಾಯ. ನಿಮ್ಮ ಡಾಕ್ಟರಿಗೆ ಫೋನ್ ಮಾಡಿ 287 ಅಂತ ಹೇಳಿ, ಐದು ದಿನ ಅರ್ಧ ತೆಗೆದುಕೊಂಡಿದ್ದನ್ನೂ ಹೇಳಿ. ವಾಂತಿ, ಹೊಟ್ಟೆನೋವು, ಏದುಸಿರು ಏನಾದರೂ ಇದ್ದರೆ ಸೀದಾ ಆಸ್ಪತ್ರೆಗೆ.

[9:20] ದೊಡ್ಡಪ್ಪ: ಮಾತಾಡಿದೆ. ಬೈದರು. ಮೊದಲಿನ ಡೋಸಿಗೇ ವಾಪಸ್ಸು. ಇವತ್ತು ಎರಡು ಗಂಟೆಗೊಮ್ಮೆ ಮೀಟರಿನಲ್ಲೇ ನೋಡಬೇಕಂತೆ. ನಾಳೆ ಬರಲು ಹೇಳಿದ್ದಾರೆ. ಪ್ಯಾಚಿನ ವಿಷಯ ಅವರೇ ಎತ್ತಿದರು.

[9:24] ಚೇತು: ಅಕ್ಕ, ಇನ್ಸುಲಿನ್ ಪಂಪಿಗೆ ಸೆನ್ಸರ್ ಜೋಡಿಸಿ ತಾನೇ ಡೋಸ್ ಕೊಡುವುದೂ ಬಂದಿದೆಯಲ್ಲ? ಅಲ್ಲಿ ಸೆನ್ಸರ್ ಹೀಗೆ ಸುಳ್ಳು ಹೇಳಿದರೆ?

[9:29] ನಾನು: 2016ರಲ್ಲೇ ಮೊದಲನೆಯದಕ್ಕೆ ಎಫ್‌ಡಿಎ ಅನುಮತಿ ಸಿಕ್ಕಿತು. ಅಲ್ಲಿ ನಂಬರೇ ಔಷಧಿ. ಅದಕ್ಕೇ ಸೆನ್ಸರ್ ಅನುಮಾನ ಬರುವ ಹಾಗೆ ವರ್ತಿಸಿದರೆ ಅದು ತಾನಾಗಿ ಡೋಸ್ ಬದಲಿಸುವುದನ್ನು ಬಿಟ್ಟು, ‘ಬೆರಳು ಚುಚ್ಚಿ ನೋಡಿ’ ಅಂತ ಕೇಳುತ್ತಿತ್ತು. ಗೊತ್ತಿಲ್ಲ ಅಂತ ಹೇಳುವ ಬುದ್ಧಿ ಯಂತ್ರಕ್ಕೆ ಹಾಕಿಸುವುದಕ್ಕೇ ನಮ್ಮ ಅರ್ಧ ಸಂಬಳ.

[9:31] ನಾನು: ದೊಡ್ಡಪ್ಪ, ಬೇಜಾರಿಲ್ಲದಿದ್ದರೆ ಒಂದು ಕೆಲಸ ಮಾಡುತ್ತೀರಾ? ಒಂದು ಟವೆಲನ್ನು ಕೈಯಷ್ಟು ದಪ್ಪಕ್ಕೆ ಬಿಗಿಯಾಗಿ ಸುತ್ತಿ. ಅದಕ್ಕೆ ವಾಚು ಕಟ್ಟಿ. ಶುಗರ್ ಬಟನ್ ಒತ್ತಿ.

[9:32] ದೊಡ್ಡಪ್ಪ: ಯಾಕೆ?

[9:32] ನಾನು: ಹೀಗೇ.

[9:41] ದೊಡ್ಡಪ್ಪ: 📷 (ನೀಲಿ ಟವೆಲ್ ಸುರುಳಿ, ಅದಕ್ಕೆ ಕಟ್ಟಿದ ವಾಚು. ಶುಗರ್ 104.)

[9:42] ದೊಡ್ಡಪ್ಪ: ಬಿಪಿ 121/78 ಅಂತೆ.

[9:43] ಅತ್ತೆ: ಟವೆಲಿನ ಆರೋಗ್ಯ ನಿನಗಿಂತ ವಾಸಿ ಅಣ್ಣ.

[9:44] ಚಿಕ್ಕಪ್ಪ: 😂😂😂

[9:47] ಚೇತು: ವಾಪಸ್ಸು ಕಳಿಸುವುದಕ್ಕೆ ಇನ್ನೂ ಒಂದು ದಿನ ಟೈಮ್ ಇದೆ. ಪ್ಯಾಕ್ ಮಾಡಿಡಿ ಅಪ್ಪ.

[9:50] ದೊಡ್ಡಪ್ಪ: ನಾಳೆ ಬೆಳಿಗ್ಗೆ ಟವೆಲಿನ ಫಾಸ್ಟಿಂಗ್ ನೋಡಿಕೊಂಡು ಕಳಿಸುತ್ತೇನೆ.