ದೆವ್ವದ ಕಥೆ ಬರೆಯಲು ಕೂತರೆ ಸರಸದ ಕಥೆ ಆಗುತ್ತಿದೆ, ಯಾಕೆ?

ಕತ್ತಲೆಕೋಣೆ:

ತುಂಬಾ ವರ್ಷದಿಂದ ದೆವ್ವದ ಕಥೆ ಬರೆಯುತ್ತಿದ್ದೇನೆ. ಮೊದಲು ಓದುವವಳು ನನ್ನ ಅಕ್ಕ. ಹೊಗಳುವ ಅಭ್ಯಾಸ ಅವಳಿಗಿಲ್ಲ. ಮೊನ್ನೆ ಹೊಸ ಕಥೆ ವಾಪಸ್ ಬಂದಾಗ ಮೂರನೇ ಪುಟದಲ್ಲಿ ಪೆನ್ಸಿಲ್ ಗೆರೆ ಇತ್ತು. ಪಕ್ಕದಲ್ಲಿ ಬರೆದಿದ್ದಳು: "ಇಲ್ಲಿ ನಾನು ಹೆದರಬೇಕಾ, ನಾಚಬೇಕಾ?"

ಆ ಜಾಗ ಇದು:

"ದೀಪ ಆರಿತು. ಅವಳು ಕದಲಲಿಲ್ಲ. ಬೆನ್ನ ಹಿಂದೆ ಯಾರೋ ನಿಂತಿದ್ದರು. ಮೊದಲು ಉಸಿರು ತಾಗಿತು, ಕಿವಿಯ ಕೆಳಗೆ, ಕೂದಲು ಶುರುವಾಗುವಲ್ಲಿ. ಬೆರಳು ಇನ್ನೂ ತಾಗಿರಲಿಲ್ಲ. ತಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಾದಳು."

ಇದನ್ನು ಬರೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಹೆಣ, ಸತ್ತು ಮೂರು ದಿನ ಆದದ್ದು! ಆದರೆ ಈಗ ಓದಿದರೆ ಅಕ್ಕ ಹೇಳಿದ್ದು ಸುಳ್ಳಲ್ಲ ಅನಿಸುತ್ತಿದೆ. ನನ್ನ ಕೈ ತಪ್ಪಿತಾ, ಇಲ್ಲಾ ಈ ಎರಡು ಬಗೆಯ ಬರವಣಿಗೆ ಬೇರಿನಲ್ಲೇ ಒಂದಾ? ದಯವಿಟ್ಟು "ರಕ್ತಪಿಶಾಚಿ" ಅಂತ ಒಂದೇ ಪದದಲ್ಲಿ ಉತ್ತರ ಕೊಟ್ಟು ಹೋಗಬೇಡಿ.

ಹಳೇಓದುಗ:

ನಮ್ಮ ಭಾಷೆಯನ್ನೇ ನೋಡಿ. ಸ್ಮಶಾನದಲ್ಲಿ ನಡೆದರೂ "ಮೈ ಜುಮ್ಮೆಂದಿತು", ಇಷ್ಟಪಟ್ಟವರ ಕೈ ತಾಗಿದರೂ "ಮೈ ಜುಮ್ಮೆಂದಿತು". ಎರಡಕ್ಕೂ ಒಂದೇ ಮಾತು ಸಾಕಾಗಿದೆ. ಭರತನ ನಾಟ್ಯಶಾಸ್ತ್ರ ಹೇಳುವ ಎಂಟು ಸಾತ್ತ್ವಿಕ ಭಾವಗಳಲ್ಲಿ, ಅಂದರೆ ಮನಸ್ಸಿನ ಭಾವ ಮೈಮೇಲೆ ತಾನಾಗಿ ಕಾಣುವ ಗುರುತುಗಳಲ್ಲಿ, ರೋಮಾಂಚವೂ ಒಂದು. ಅದು ಯಾವುದರಿಂದ ಹುಟ್ಟುತ್ತದೆ ಅಂತ ಹೇಳುವಾಗ ಸ್ಪರ್ಶ, ಭಯ, ಚಳಿ, ಹರ್ಷ, ಕೋಪ, ರೋಗ ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತವೆ. ಕೂದಲು ನಿಂತದ್ದಷ್ಟೇ ಕಾಣುತ್ತದೆ, ಕಾರಣ ಕಾಣುವುದಿಲ್ಲ.

ಮುಂದೆ ವಿಶ್ವನಾಥ ಎಂಬ ಕಾವ್ಯಮೀಮಾಂಸಕ ತನ್ನ ಸಾಹಿತ್ಯದರ್ಪಣದಲ್ಲಿ ಶೃಂಗಾರಕ್ಕೆ ವಿರೋಧಿಯಾದ ರಸಗಳ ಪಟ್ಟಿಯಲ್ಲಿ ಭಯಾನಕವನ್ನೂ ಸೇರಿಸಿದ್ದಾನೆ. ಒಂದು ಇನ್ನೊಂದನ್ನು ಕೆಡಿಸುತ್ತದೆ ಅಂತ. ನನಗೆ ಅನಿಸೋದು, ಇಷ್ಟು ಹತ್ತಿರದವು ಆಗಿರುವುದಕ್ಕೇ ಕೆಡಿಸುವ ಭಯ.

ನಿಮ್ಮ ಪ್ಯಾರಾಗೆ ಬಂದರೆ, ಆ ಉಸಿರು ಬಿಸಿಯೋ ತಣ್ಣಗೋ ನೀವು ಹೇಳಿಲ್ಲ. ಹೇಳದಿದ್ದರೆ ಓದುವವರು ಬಿಸಿ ಅಂತಲೇ ಅಂದುಕೊಳ್ಳುತ್ತಾರೆ. ಅಕ್ಕನೂ ಹಾಗೇ ಅಂದುಕೊಂಡಿರಬೇಕು.

ಸೇತುವೆ_ಮೇಲೆ:

ಮನಶ್ಶಾಸ್ತ್ರದಲ್ಲಿ 1974ರ ಒಂದು ಪ್ರಯೋಗ ಇದೆ. ಡಟನ್ ಮತ್ತು ಆರನ್ ಎಂಬಿಬ್ಬರು ಕೆನಡಾದಲ್ಲಿ ಮಾಡಿದ್ದು. ಕಣಿವೆಯ ಮೇಲೆ 230 ಅಡಿ ಎತ್ತರದಲ್ಲಿ ತೂಗಾಡುವ ಸೇತುವೆ. ಅದರ ಮೇಲೆ ಬರುವ ಗಂಡಸರನ್ನು ಒಬ್ಬ ಯುವತಿ ಮಾತಾಡಿಸಿ, ಒಂದು ಚಿತ್ರ ತೋರಿಸಿ, ಸಣ್ಣ ಕಥೆ ಬರೆಸುತ್ತಾಳೆ. ಅಲುಗಾಡದ ಇನ್ನೊಂದು ಸೇತುವೆಯ ಮೇಲೂ ಹೀಗೇ ಬರೆಸುತ್ತಾರೆ. ಆಕೆ ಕೊಟ್ಟ ನಂಬರಿಗೆ ಆಮೇಲೆ ಎಷ್ಟು ಜನ ಫೋನ್ ಮಾಡಿದರು ಅನ್ನುವುದನ್ನೇ ಎಲ್ಲರೂ ಹೇಳುವುದು. ಈ ಚರ್ಚೆಗೆ ಬೇಕಾದದ್ದು ಇನ್ನೊಂದು: ತೂಗುಸೇತುವೆಯ ಮೇಲೆ ಬರೆದ ಕಥೆಗಳಲ್ಲಿ ಕಾಮದ ಅಂಶ ಜಾಸ್ತಿ ಇತ್ತು. ಗಂಡಸೊಬ್ಬ ಕಥೆ ಬರೆಸಿದಾಗ ಆ ವ್ಯತ್ಯಾಸ ಕಾಣಲಿಲ್ಲ.

ಈ ಪ್ರಯೋಗವನ್ನು ಆಮೇಲೆ ಟೀಕಿಸಿದವರೂ ಇದ್ದಾರೆ, ಹಾಗಾಗಿ ಇದನ್ನೇ ವೇದವಾಕ್ಯ ಮಾಡಿಕೊಳ್ಳಬೇಡಿ. ಆದರೂ ಎದೆ ಯಾಕೆ ಹೊಡೆದುಕೊಳ್ಳುತ್ತಿದೆ ಅನ್ನುವುದು ಎದೆಗೇ ಗೊತ್ತಿರುವುದಿಲ್ಲ ಅಲ್ವಾ? ಎದುರಿಗೆ ಯಾರಿದ್ದಾರೋ ಅದನ್ನು ನೋಡಿ ಹೆಸರಿಡುತ್ತೇವೆ. ನಿಮ್ಮ ಕಥೆಯಲ್ಲಿ ಎದುರಿಗೆ ಯಾರೂ ಇಲ್ಲ, ಬೆನ್ನ ಹಿಂದೆ ಇದ್ದಾರೆ. ಅಕ್ಕ ಅದಕ್ಕೆ ತಮಗೆ ತೋಚಿದ ಹೆಸರಿಟ್ಟರು.

ಮುಸ್ಸಂಜೆ:

ಬೇಡ ಅಂದರೂ ನಾನು ರಕ್ತಪಿಶಾಚಿಯ ಮಾತು ತೆಗೆಯುತ್ತೇನೆ, ಸಿಟ್ಟಾಗಬೇಡಿ.

ಲೆ ಫಾನು ಬರೆದ 'ಕಾರ್ಮಿಲ್ಲಾ' 1872ರದ್ದು, 'ಡ್ರಾಕುಲಾ'ಗಿಂತ 25 ವರ್ಷ ಹಳೆಯದು. ಅದರಲ್ಲಿ ಕಥೆ ಹೇಳುವ ಹುಡುಗಿ, ರಕ್ತಪಿಶಾಚಿಯಾದ ಕಾರ್ಮಿಲ್ಲಾ ಹತ್ತಿರ ಬಂದಾಗ ತನಗೆ ಹಿತವೂ ಆಗುತ್ತದೆ, ಭಯ ಮತ್ತು ಅಸಹ್ಯವೂ ಆಗುತ್ತದೆ ಅಂತ ಬಾಯಿಬಿಟ್ಟೇ ಹೇಳುತ್ತಾಳೆ. 'ಡ್ರಾಕುಲಾ'ದಲ್ಲಿ ಕೋಟೆಯೊಳಗೆ ಸಿಕ್ಕಿಕೊಂಡ ಹಾರ್ಕರ್, ಮೂವರು ಪಿಶಾಚಿ ಹೆಂಗಸರಲ್ಲಿ ಒಬ್ಬಳು ತನ್ನ ಮೇಲೆ ಬಗ್ಗಿದಾಗ ಏನು ಮಾಡುತ್ತಾನೆ? ಓಡುವುದಿಲ್ಲ, ಕೂಗುವುದಿಲ್ಲ. ಕಣ್ಣು ಮುಚ್ಚಿಕೊಂಡು ಕಾಯುತ್ತಾನೆ. ನಿಮ್ಮ ಪ್ಯಾರಾದ ಕೊನೆಯ ಪದ ಏನು? "ಕಾದಳು." ಸಿಕ್ಕಿಬಿದ್ದಿರಿ!

ನೇರವಾಗಿ ಹೇಳಲಾಗದ ಆಸೆಯನ್ನು ಹಲ್ಲು, ಕತ್ತು, ರಕ್ತ ಅಂತ ಬರೆದರೆ ಆ ಕಾಲದಲ್ಲಿ ನಡೆದುಹೋಗುತ್ತಿತ್ತು. ಓದುವವರಿಗೂ ಒಂದು ನೆಪ. "ನಾನು ಓದಿದ್ದು ದೆವ್ವದ ಕಥೆ ಕಣ್ರೀ!"

ಬೇಡ_ಅಂದವಳು:

ಎಲ್ಲರೂ ಸೇರಿ ಎರಡನ್ನೂ ಒಂದೇ ಮಾಡಿ ಮುಗಿಸಿಬಿಟ್ಟಿರಿ. ನನಗೆ ಒಪ್ಪಿಗೆ ಇಲ್ಲ. ಸರಸದ ದೃಶ್ಯದಲ್ಲಿ "ಬೇಡ" ಅಂದರೆ ಎದುರಿನವರು ನಿಲ್ಲುತ್ತಾರೆ, ದೆವ್ವ ನಿಲ್ಲುವುದಿಲ್ಲ. ಇಷ್ಟು ದೊಡ್ಡ ವ್ಯತ್ಯಾಸವನ್ನು ಬರೆಯುವವರು ಮರೆತಾಗಲೇ ಕಸ ಹುಟ್ಟುವುದು. ಹುಡುಗಿ ಯಾರ ಜೊತೆಗೋ ಮಲಗುತ್ತಾಳೆ, ಮುಂದಿನ ದೃಶ್ಯದಲ್ಲಿ ಸಾಯುತ್ತಾಳೆ. ಎಷ್ಟು ಸಲ ನೋಡಿಲ್ಲ ಇದನ್ನು! ಅದರಲ್ಲಿ ಭಯವೂ ಇಲ್ಲ, ಸರಸವೂ ಇಲ್ಲ. ಸುಮ್ನೆ ಶಿಕ್ಷೆ.

ಇನ್ನೊಂದು, ಹೆಣ ಅಂದಿರಿ. ಹೆಣ ಉಸಿರಾಡುತ್ತಾ?

ಕತ್ತಲೆಕೋಣೆ:

ಆ ಕೊನೆಯ ಸಾಲು ಓದಿ ಹಣೆ ಚಚ್ಚಿಕೊಂಡೆ. ಮೂರು ಸಲ ತಿದ್ದಿದ್ದೇನೆ, ಒಂದು ಸಲವೂ ಹೊಳೆಯಲಿಲ್ಲ.

ತಣ್ಣನೆಯ ಉಸಿರು ಹಾಕಿ ನೋಡಿದೆ. ಎಲ್ಲರೂ ಬರೆಯುವಂಥದ್ದೇ ಆಯಿತು, ಹೊಡೆದುಹಾಕಿದೆ. "ಕಾದಳು" ಮಾತ್ರ ತೆಗೆಯಲು ಮನಸ್ಸಾಗಲಿಲ್ಲ. ಹಾರ್ಕರ್ ಜೊತೆ ಸಿಕ್ಕಿಬಿದ್ದರೂ ಪರವಾಗಿಲ್ಲ. ಅವಳು ಏನಕ್ಕೆ ಕಾಯುತ್ತಾಳೆ ಅನ್ನುವುದನ್ನು ಬದಲಾಯಿಸಿದೆ:

"ದೀಪ ಆರಿತು. ಬೆನ್ನ ಹಿಂದೆ ಯಾರೋ ಬಂದು ನಿಂತರು. ಅವನೇ ಇರಬೇಕು ಅಂದುಕೊಂಡು ಅವಳು ಕತ್ತು ಸ್ವಲ್ಪ ವಾಲಿಸಿದಳು. ಗಲ್ಲ ಭುಜಕ್ಕೆ ತಾಗುವಷ್ಟು ಹತ್ತಿರ ಬಂತು. ಇನ್ನೇನು ಉಸಿರು ತಾಗಬೇಕು. ಕಾದಳು. ಉಸಿರು ಬರಲಿಲ್ಲ."

ಅಕ್ಕನಿಗೆ ಕಳಿಸಿದ್ದೆ. ಈ ಸಲ ಪೆನ್ಸಿಲ್ ಗೆರೆ ಇಲ್ಲ. ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿ, ನಾಲ್ಕನೇ ಪುಟ ಬೆಳಿಗ್ಗೆ ಓದುತ್ತೇನೆ ಅಂದಳು.