ಮಗಳ ಜೊತೆ ‘ಫೆರಿಸ್ ಬ್ಯೂಲರ್ಸ್ ಡೇ ಆಫ್’ ಮತ್ತೆ ನೋಡಬಹುದಾ?

ಪ್ರಶ್ನೆ: ಕಾಲೇಜಿನ ದಿನಗಳಲ್ಲಿ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ತಂದು ಈ ಸಿನಿಮಾ ನೋಡಿದ್ದೆ. ಶಿಕಾಗೊ ಕಡೆಯ ಹುಡುಗ ಫೆರಿಸ್ ಹುಷಾರಿಲ್ಲ ಅಂತ ನಾಟಕ ಆಡಿ ಶಾಲೆಗೆ ಚಕ್ಕರ್ ಹೊಡೆಯುತ್ತಾನೆ. ಗೆಳೆಯ ಕ್ಯಾಮರೂನ್, ಗೆಳತಿ ಸ್ಲೋನ್ ಜೊತೆ ಇಡೀ ದಿನ ಊರು ಸುತ್ತುತ್ತಾನೆ. ಆಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಈಗ ಮಗಳಿಗೆ 14. ಅವಳ ಜೊತೆ ಕೂತು ಮತ್ತೆ ನೋಡುವ ಆಸೆ. ಹಳೇದು ಅಂತ ಅವಳಿಗೆ ಬೇಜಾರಾಗುತ್ತಾ? ಶಾಲೆ ತಪ್ಪಿಸುವುದನ್ನು ನಾನೇ ಹೇಳಿಕೊಟ್ಟ ಹಾಗಾಗುತ್ತಾ? ಇತ್ತೀಚೆಗೆ ನೋಡಿದವರು ಹೇಳಿ.

ಉತ್ತರ 1: ಖಂಡಿತ ನೋಡಿ. ಕಳೆದ ದಸರಾ ರಜೆಯಲ್ಲಿ ನಾನೂ ಮಗನೂ ನೋಡಿದೆವು. 1986ರ ಸಿನಿಮಾ, 103 ನಿಮಿಷ. ಎಲ್ಲೂ ಎಳೆದ ಹಾಗೆ ಅನಿಸಲಿಲ್ಲ. ಫೆರಿಸ್ ತುಂಬಾ ಬೇಗ ಬೇಗ ಮಾತಾಡುತ್ತಾನೆ, ಸಬ್‌ಟೈಟಲ್ ಹಾಕಿಕೊಳ್ಳಿ.

ಶುರುವಿನಲ್ಲೇ ಅವನು ಕ್ಯಾಮೆರಾ ಕಡೆ ತಿರುಗಿ, ಅಪ್ಪ ಅಮ್ಮನನ್ನು ನಂಬಿಸುವುದು ಹೇಗೆ ಅಂತ ನಮಗೇ ಹೇಳುತ್ತಾನೆ. ಅಂಗೈ ನೆಕ್ಕಿ ತೇವ ಮಾಡಿಕೊಳ್ಳಬೇಕಂತೆ! ಮಗ ಮೆಲ್ಲಗೆ ನನ್ನ ಮುಖ ನೋಡಿದ. ‘ನೀನೂ ಮಾಡಿದ್ದೀಯಾ?’ ಅಂದೆ. ‘ಅಂಗೈ ಅಲ್ಲ, ಹೊಟ್ಟೆನೋವು ಅಂದಿದ್ದೆ. ಗಣಿತದ ಟೆಸ್ಟ್ ದಿನ’ ಅಂದ. ಸಿನಿಮಾ ನಿಲ್ಲಿಸಿ ಅರ್ಧ ಗಂಟೆ ಮಾತಾಡಿದೆವು. ಗಣಿತಕ್ಕೆ ಅವನು ಅಷ್ಟು ಹೆದರುತ್ತಿದ್ದ ಅಂತ ನನಗೆ ಗೊತ್ತಾಗಿದ್ದೇ ಅವತ್ತು.

ಇನ್ನೊಂದು ಮಾತು. ಹದಿನೆಂಟರಲ್ಲಿ ನಾನು ಫೆರಿಸ್‌ನನ್ನು ಮಾತ್ರ ನೋಡಿದ್ದೆ. ಈ ಸಲ ಕಣ್ಣೆಲ್ಲ ಕ್ಯಾಮರೂನ್ ಮೇಲೆ. ಫೆರಿಸ್ ಫೋನ್ ಮಾಡಿ ಬಾ ಅಂತ ಪೀಡಿಸಿದ ಮೇಲೆ, ಅವನು ಕಾರಲ್ಲಿ ಸ್ಟಿಯರಿಂಗ್ ಹಿಡಿದು ಕೂತು ಹೋಗಲಾ ಬೇಡವಾ ಅಂತ ಒದ್ದಾಡುತ್ತಾನಲ್ಲ, ಅಲ್ಲಿ ಆಗ ಬಿದ್ದು ಬಿದ್ದು ನಕ್ಕಿದ್ದೆ. ಈಗ ಕಂಡಿದ್ದು ಹೆದರಿದ ಒಂದು ಮಗು. ಅವನ ಅಪ್ಪ ಸಿನಿಮಾದಲ್ಲಿ ಒಮ್ಮೆಯೂ ತೆರೆಗೆ ಬರುವುದಿಲ್ಲ. ಅಪ್ಪನ ಬದಲಿಗೆ ಇರುವುದು ಗಾಜಿನ ಗ್ಯಾರೇಜಿನಲ್ಲಿ ಒರೆಸಿ ಇಟ್ಟ ಕೆಂಪು ಫೆರಾರಿ. ಕೊನೆಯಲ್ಲಿ ಆ ಕಾರನ್ನು ಒದ್ದು ಒದ್ದು ಅವನು ಮನಸ್ಸಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕುತ್ತಾನೆ. ಕಾರು ಗಾಜು ಒಡೆದು ಕೆಳಗೆ ಬೀಳುತ್ತದೆ. ತಪ್ಪು ನನ್ನ ಮೇಲೆ ಹಾಕು ಅಂತಾನೆ ಫೆರಿಸ್. ಕ್ಯಾಮರೂನ್ ಬೇಡ ಅಂತಾನೆ, ಅಪ್ಪನಿಗೆ ತಾನೇ ಉತ್ತರ ಹೇಳುತ್ತೇನೆ ಅಂತ. ಅಲ್ಲಿ ನನಗೆ ಗಂಟಲು ಕಟ್ಟಿತು. ಮಗನೂ ಸುಮ್ನೆ ಕೂತಿದ್ದ.

ಉತ್ತರ 2: ನಾವಿರುವುದು ಶಿಕಾಗೊ ಪಕ್ಕದ ಒಂದು ಊರಲ್ಲಿ. ನಿರ್ದೇಶಕ ಜಾನ್ ಹ್ಯೂಸ್ ಹುಡುಗನಾಗಿದ್ದಾಗ ಇಲ್ಲೇ ನಾರ್ತ್‌ಬ್ರೂಕ್‌ನಲ್ಲಿ ಬೆಳೆದವರು. ಅದಕ್ಕೇ ಈ ಊರಿನ ಮೇಲಿನ ಪ್ರೀತಿ ಸಿನಿಮಾದಲ್ಲಿ ಅಷ್ಟು ಚೆನ್ನಾಗಿ ಕಾಣುತ್ತದೆ. ಮೂವರೂ ಗಾಜಿಗೆ ಹಣೆ ಒತ್ತಿ ಕೆಳಗೆ ನೋಡುವ ಸಿಯರ್ಸ್ ಟವರ್‌ಗೆ ಈಗ ವಿಲ್ಲಿಸ್ ಟವರ್ ಅಂತ ಹೆಸರು.

ನೀವು ತಪ್ಪಿಸಿಕೊಳ್ಳಬಾರದ ಜಾಗ ಶಿಕಾಗೊದ ಕಲಾ ಮ್ಯೂಸಿಯಂ ಆರ್ಟ್ ಇನ್‌ಸ್ಟಿಟ್ಯೂಟ್‌ನ ದೃಶ್ಯ. ಅಲ್ಲಿ ಮಾತೇ ಇಲ್ಲ, ಬರೀ ಸಂಗೀತ. ಜಾರ್ಜ್ ಸೂರಾ ಬಿಡಿಸಿದ ದೊಡ್ಡ ಚಿತ್ರದ ಮುಂದೆ ಕ್ಯಾಮರೂನ್ ನಿಲ್ಲುತ್ತಾನೆ. ನದಿ ದಂಡೆಯಲ್ಲಿ ಭಾನುವಾರ ಕಳೆಯುವ ಜನ, ನಡುವೆ ಬಿಳಿ ಬಟ್ಟೆಯ ಪುಟ್ಟ ಹುಡುಗಿ. ಒಮ್ಮೆ ಅವನ ಮುಖ, ಒಮ್ಮೆ ಅವಳ ಮುಖ, ಹತ್ತಿರ, ಇನ್ನೂ ಹತ್ತಿರ. ಕೊನೆಗೆ ಮುಖ ಹೋಗಿ ಬರೀ ಬಣ್ಣದ ಚುಕ್ಕಿ ಉಳಿಯುತ್ತದೆ. ಸಿನಿಮಾ ನೋಡಿದ ಮುಂದಿನ ವಾರ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ಚಿತ್ರ ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ ಇದೆ. ಚಿಕ್ಕವಳು ಅಲ್ಲಿಯವರು ಬಿಡುವಷ್ಟು ಹತ್ತಿರ ಹೋಗಿ, ಮತ್ತೆ ಹಿಂದೆ ಹಿಂದೆ ಹೆಜ್ಜೆ ಇಟ್ಟು, ‘ಈಗ ಬಂದಳು ನೋಡು ಹುಡುಗಿ!’ ಅಂದಳು. ಈ ಜಾಗ ಬಂದಾಗ ಫೋನ್ ಪಕ್ಕಕ್ಕಿಡಿ, ದೀಪ ಆರಿಸಿ.

ಉತ್ತರ 3: ಹೈಸ್ಕೂಲ್ ಮೇಷ್ಟ್ರಾಗಿ ಹೇಳುತ್ತೇನೆ. ಒಂದು ಸಿನಿಮಾ ನೋಡಿ ಮಕ್ಕಳು ಶಾಲೆ ಬಿಡುವುದಿಲ್ಲ. ಪಾಠ ತಲೆಗೆ ಹೋಗದೇ ಇದ್ದಾಗ ಬಿಡುತ್ತಾರೆ. ಸಿನಿಮಾದಲ್ಲಿ ಅರ್ಥಶಾಸ್ತ್ರದ ಮೇಷ್ಟ್ರ ಪಾಠ ನೆನಪಿದೆಯಾ? 1930ರ ಸುಂಕದ ಕಾಯ್ದೆ ಬಗ್ಗೆ ಒಂದೇ ದನಿಯಲ್ಲಿ ಹೇಳುತ್ತಾ, ತಾವೇ ಪ್ರಶ್ನೆ ಕೇಳಿ, ‘ಯಾರಾದರೂ? ಯಾರಾದರೂ?’ ಅಂದು, ಉತ್ತರವನ್ನೂ ತಾವೇ ಹೇಳುತ್ತಾರೆ. ಒಬ್ಬ ಹುಡುಗ ಡೆಸ್ಕಿನ ಮೇಲೆ ಜೊಲ್ಲು ಸುರಿಸಿ ಮಲಗಿದ್ದಾನೆ. ಅದನ್ನು ನೋಡಿದ ಮೇಲೆ ನಾನು ಪ್ರಶ್ನೆ ಕೇಳಿ ಹತ್ತು ಸೆಕೆಂಡ್ ಕಾಯುವುದನ್ನು ರೂಢಿ ಮಾಡಿಕೊಂಡೆ. ಹಿಂದಿನ ಬೆಂಚಿನಿಂದಲೂ ಕೈ ಏಳುತ್ತದೆ.

ಅಲ್ಲಲ್ಲಿ ಒರಟು ಬೈಗುಳ ಇದೆ. ಅಮೆರಿಕದಲ್ಲೂ ಇದಕ್ಕೆ ಪಿಜಿ-13 ಕೊಟ್ಟಿದ್ದಾರೆ, ಅಂದರೆ 13ಕ್ಕಿಂತ ಚಿಕ್ಕವರಿಗೆ ಕೆಲವು ಭಾಗ ಸರಿಹೋಗದೆ ಇರಬಹುದು ಅಂತ ಅಪ್ಪ ಅಮ್ಮಂದಿರಿಗೆ ಎಚ್ಚರಿಕೆ. 14ಕ್ಕೆ ಪರವಾಗಿಲ್ಲ, ತೀರಾ ಚಿಕ್ಕವರಿದ್ದರೆ ನೀವು ಮೊದಲು ಒಮ್ಮೆ ನೋಡಿ. ಶಾಲೆಯ ಅಧಿಕಾರಿ ರೂನಿ ಫೆರಿಸ್ ಮನೆಗೆ ನುಗ್ಗಿ ನಾಯಿ ಕೈಲಿ ಸಿಕ್ಕಿಬೀಳುವ ಭಾಗ ನನಗೆ ಜಾಸ್ತಿ ಆಯಿತು ಅನಿಸಿತು. ಮಕ್ಕಳಿಗೆ ಅದೇ ಇಷ್ಟ.

ಉತ್ತರ 4: ಹಳೆಯ ನೆನಪಿನಿಂದ ‘ಈಗ ಬರುತ್ತೆ ನೋಡು’ ಅಂತ ಮೊದಲೇ ಹೇಳಬೇಡಿ. ನಾನು ಹಾಗೆ ಮಾಡಿದೆ. ತಂಗಿಯ ಮಗಳು, ‘ಮಾಮ, ನಾನೇ ನೋಡ್ತೀನಿ’ ಅಂದಳು. ಆಮೇಲೆ ಸುಮ್ಮನಾದೆ. ಅವಳು ಜಾಸ್ತಿ ನಕ್ಕಿದ್ದು ನನಗೆ ನೆನಪೇ ಇಲ್ಲದ ಕಡೆ, ಫೆರಿಸ್‌ನ ಸಹೋದರಿ ಜೀನಿಯ ಸಿಟ್ಟಿಗೆ. ಹಾಂ, ಕೊನೆಗೆ ಹೆಸರುಗಳು ಓಡುವಾಗ ಟಿವಿ ಆರಿಸಬೇಡಿ. ಎಲ್ಲ ಮುಗಿದ ಮೇಲೆ ಫೆರಿಸ್ ಸ್ನಾನದ ನಿಲುವಂಗಿಯಲ್ಲಿ ಬಂದು, ಇನ್ನೂ ಇಲ್ಲೇ ಇದ್ದೀರಾ, ಮುಗೀತು, ಮನೆಗೆ ಹೋಗಿ ಅಂತಾನೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ರಾತ್ರಿ ಊಟ ಆದ ಮೇಲೆ ನೋಡುತ್ತೇವೆ. ಅಂಗೈ ವಿಷಯ ಮಗಳಿಗೆ ಮೊದಲೇ ಹೇಳುವುದಿಲ್ಲ. ಅವಳು ನನ್ನ ಕಡೆ ತಿರುಗುತ್ತಾಳಾ ನೋಡಬೇಕು.